ಗೋಡೆ ಕೊರೆದು ಸಂಡಾಸ ಸರಿಸಿದೆ: ನಮ್ಮ ಮನೆಯ ಲೆಕ್ಕ

ಹದಿನಾರು ವರ್ಷದಿಂದ ಕಲಬುರಗಿಯಲ್ಲಿ ಪ್ಲಂಬಿಂಗ್ ಗುತ್ತಿಗೆ ಮಾಡುತ್ತಿದ್ದೇನೆ. ಊರವರ ಸಂಡಾಸ ಎಷ್ಟೋ ಸರಿಸಿಕೊಟ್ಟಿದ್ದೇನೆ. ನನ್ನ ಮನೆಯದ್ದಕ್ಕೆ ಮಾತ್ರ ಎರಡೆರಡು ಸಲ ಕೆಲಸ ಮಾಡಬೇಕಾಯಿತು, ಅದೂ ಸ್ವಂತ ದುಡ್ಡಿನಲ್ಲಿ.

ಅವ್ವನಿಗೆ ಮೊಣಕಾಲು ನೋವು. ರಾತ್ರಿ ಹಿತ್ತಲಿನ ಸಂಡಾಸಕ್ಕೆ ಹೋಗಿ ಬರುವುದು ಆಗುತ್ತಿರಲಿಲ್ಲ. ಅವಳ ಕೋಣೆಯ ಮೂಲೆಯಲ್ಲೇ ಒಂದು ಕಮೋಡ್ ಕೂರಿಸಬೇಕಿತ್ತು. ಅಲ್ಲಿಂದ ಸಂಡಾಸದ ನೀರು ಬಂದು ಸೇರುವ ಹಳೇ ಚೇಂಬರ್‌ಗೆ ಹೆಚ್ಚು ಕಡಿಮೆ 18 ಅಡಿ. ಮನೆ ಹಳೆಯದು. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ನಾಲ್ಕು ಇಂಚು ಬೆಡ್ ಕಾಂಕ್ರೀಟ್, ಅದರ ಮೇಲೆ ಶಹಾಬಾದ್ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು.

ಇನ್ನೊಬ್ಬ ಗುತ್ತಿಗೆದಾರ ಎಷ್ಟು ಹೇಳುತ್ತಾನೆ ನೋಡೋಣ ಅಂತ ಸುಮ್ನೆ ಕೇಳಿದೆ. 85 ಸಾವಿರ ಅಂದ, ಟೈಲ್ಸ್ ಬೇರೆ. ನನಗೆ ನಗು ಬಂತು. 30ರಲ್ಲಿ ಮುಗಿಸುತ್ತೇನೆ ಎಂದುಕೊಂಡೆ.

ಮೊದಲ ಸಲ ಎಲ್ಲರಂತೆ ನೆಲವನ್ನೇ ಒಡೆದೆ. ಮೇ ತಿಂಗಳು, ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಬ್ರೇಕರ್‌ನ ಧೂಳು. ಕಟಿಂಗ್ ಮಷಿನ್‌ನಿಂದ ಗೆರೆ ಹೊಡೆದೇ ಫರ್ಸಿ ಎತ್ತಿದೆ. ಆದರೂ ಹನ್ನೊಂದು ಕಲ್ಲು ಹೋದವು. ಹಳೇ ಫರ್ಸಿಗೆ ಹೊಸದರ ಬಣ್ಣ ಹೊಂದುವುದಿಲ್ಲ, ಶಹಾಬಾದಿಗೇ ಹೋಗಿ ಆರಿಸಿ ತಂದರೂ ಅಷ್ಟೇ. ಕೆಳಗೆ ಗರಸು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ತುಂಬಿರುತ್ತಾರೆ ಅಂದುಕೊಂಡಿದ್ದೆ. ಒಡೆದು ನೋಡಿದರೆ ಅಪ್ಪಟ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಒಂದು ಟ್ರ್ಯಾಕ್ಟರ್ ಗರಸಿನ ದುಡ್ಡು ಉಳಿಸಲು ಪೈಪಿನ ಮೇಲೆ ಅದೇ ಮಣ್ಣನ್ನು ಮತ್ತೆ ತುಂಬಿದೆ. ಬೇರೆಯವನು ಹೀಗೆ ಮಾಡಿದ್ದರೆ ನಾನೇ ಬೈಯುತ್ತಿದ್ದೆ.

ಎಲ್ಲೋ ಒಂದು ಜಾಯಿಂಟ್ ಜಿನುಗಿತು. ಬೇಸಿಗೆಯಲ್ಲಿ ಒಣಗಿ ಬಿರಿದಿದ್ದ ಮಣ್ಣು ನೀರು ಕುಡಿದು ಉಬ್ಬಿತು. ಆಗಸ್ಟ್ ಹೊತ್ತಿಗೆ ಕೋಣೆಯ ಫರ್ಸಿ ಹಂಚಿನ ಮೇಲಿನ ರೊಟ್ಟಿಯಂತೆ ಎದ್ದಿತ್ತು. ಪೈಪಿನ ನಡು ಮೇಲೆ ಬಂದು ಇಳಿಜಾರೇ ಕೆಟ್ಟಿತು. ಫ್ಲಶ್ ಮಾಡಿದರೆ ನೀರು ಕಮೋಡಿನಲ್ಲೇ ಏರುತ್ತಿತ್ತು. "ಊರ ಮಂದಿ ಮನಿ ಎಲ್ಲ ಸುದ್ದ ಮಾಡ್ತಿ, ನಿನ್ನ ಮನ್ಯಾಗ ನೋಡು ಯಪ್ಪಾ" ಅಂದಳು ಅವ್ವ. ಬ್ರೇಕರ್ ಬಾಡಿಗೆ, ಆಳು, ಪೈಪು, ಫರ್ಸಿ, ಮತ್ತೆ ಅದನ್ನೆಲ್ಲ ಕಿತ್ತು ಮುಚ್ಚಿದ್ದು ಸೇರಿ ಸುಮಾರು 23 ಸಾವಿರ ಮಣ್ಣುಪಾಲು. ಕಮೋಡಿನ ಲೆಕ್ಕ ಬೇರೆ. ಅದು ಎಸ್ ಟ್ರ್ಯಾಪ್, ಅಂದರೆ ಬಾಯಿ ನೆಲಕ್ಕೆ ಇಳಿಯುವಂಥದ್ದು, ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಈಗ ಮಾಳಿಗೆಯ ಮೇಲೆ ಬಿದ್ದಿದೆ.

ಒಂದು ದಿನ ಮನೆ ಪಕ್ಕದ ಸಂದಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಕಣ್ಣೆದುರಿಗೇ ಪ್ಲಿಂತ್, ಅಂದರೆ ಹೊರಗಿನ ನೆಲದಿಂದ ಒಳಗಿನ ನೆಲದವರೆಗಿನ ಕಟ್ಟೆ. ಅಳೆದೆ, 22 ಇಂಚು. ಪಿ ಟ್ರ್ಯಾಪ್ ಕಮೋಡಿನ ಬಾಯಿ ಹಿಂದಿನ ಗೋಡೆಯ ಕಡೆಗೆ, ನೆಲದಿಂದ ಸುಮಾರು 7 ಇಂಚು ಮೇಲೆ ಇರುತ್ತದೆ. ಅಂದರೆ ಹೊರಗಿನ ನೆಲಕ್ಕೆ 29 ಇಂಚು ಇಳಿಕೆ ಪುಕ್ಕಟೆ. ಅಡಿಗೆ ಕಾಲು ಇಂಚು ಇಳಿಜಾರು ಹಿಡಿದರೂ 18 ಅಡಿಗೆ ಬೇಕಿದ್ದದ್ದು ನಾಲ್ಕೂವರೆ. ನೆಲ ಯಾಕೆ ಒಡೆದೆನೋ!

ಗೋಡೆ ಕೊರೆದು ಪೈಪು ಹೊರಗೆ ತೆಗೆಯುತ್ತೇನೆ ಅಂದೆ. ಗೌಂಡಿ ನಕ್ಕ. "ಕಲ್ಲಿನ ಗ್ವಾಡಿಗಿ ತೂತು ಹೊಡದ್ರ ಮನಿ ಉಳಿತದೇನ್ರಿ?" ಅಂದ. ನಮ್ಮ ಮಾವನವರೂ ಅವನ ಕಡೆಗೇ. ಕೋರ್ ಕಟಿಂಗ್, ಅಂದರೆ ಮಷಿನ್‌ನಿಂದ ದುಂಡು ತೂತು ಕೊರೆಯುವ ಹುಡುಗನನ್ನು ಕರೆಸಿದೆ. ಐದು ಇಂಚಿನ ಡ್ರಿಲ್ ಬಿಟ್. ಹತ್ತು ಇಂಚು ಸಲೀಸಾಗಿ ಹೋಯಿತು, ಆಮೇಲೆ ಸಿಕ್ಕಿಬಿತ್ತು. ಹಳೇ ಕಲ್ಲಿನ ಗೋಡೆಯ ನಡುವೆ ಬರೀ ಚೂರುಗಲ್ಲು ಮತ್ತು ಮಣ್ಣು. ಬಿಟ್ಟಿನ ಜೊತೆ ಕಲ್ಲೂ ತಿರುಗುತ್ತದೆ. ಹುಡುಗ ಮಷಿನ್ ಎತ್ತಿಕೊಂಡು ಹೊರಟೇಬಿಟ್ಟಿದ್ದ. ಅವನನ್ನು ನಿಲ್ಲಿಸಿ ಆ ತೂತಿಗೆ ಒಂದು ಮಿಶ್ರಣ ಕುಡಿಸಿದೆ, ಎರಡು ರಾತ್ರಿ ಬಿಟ್ಟೆ. ಮೂರನೇ ದಿನ ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಹೋಯಿತು. ಮಿಶ್ರಣದಲ್ಲಿ ಏನಿತ್ತು ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಸಿಮೆಂಟು ಸೇಡಂ ಕಡೆಯದ್ದು, ಅಷ್ಟು ಹೇಳುತ್ತೇನೆ.

ಹೊರಗೆ ಮೂರು ಬಾಯಿಯ ಟೀ ಜಾಯಿಂಟ್ ಒಂದು. ಮೇಲಕ್ಕೆ ಗಾಳಿ ಹೋಗುವ ವೆಂಟ್ ಪೈಪು, ಕೆಳಗೆ ಎರಡು 45 ಡಿಗ್ರಿ ಬೆಂಡ್. ಒಂದೇ 90 ಹಾಕಿದರೆ ಸ್ವಲ್ಪ ದುಡ್ಡು ಉಳಿಯಬಹುದು, ಆಮೇಲೆ ಪ್ರತಿ ವರ್ಷ ಕಡ್ಡಿ ಹಾಕುತ್ತಾ ಕೂರಬೇಕು. ಪೈಪನ್ನು ಗೋಡೆಗುಂಟ ಬಯಲಲ್ಲಿ ಬಿಡಲಿಲ್ಲ. ನಮ್ಮ ಬಿಸಿಲಿಗೆ ಪಿವಿಸಿ ಕೆಲವೇ ವರ್ಷದಲ್ಲಿ ಸುಣ್ಣ ಬಳಿದಂತಾಗಿ ಚಟ್ಟನೆ ಒಡೆಯುತ್ತದೆ. ಸಂದಿಯಲ್ಲಿ ಅಗೆದು, ಈ ಸಲ ಎರೆ ಮಣ್ಣನ್ನು ಹೊರಗೆಸೆದು, ಕೆಳಗೂ ಮೇಲೂ ಕ್ರಷರ್ ಡಸ್ಟ್ (ಕಲ್ಲಿನ ಪುಡಿ) ಹಾಕಿದೆ. ಒಳಗೆ ನೆಲದ ನೀರಿಗೆ ಮಾತ್ರ ಒಂದೂವರೆ ಅಡಿ ಚೌಕ ಒಡೆದು ಸಣ್ಣ ಟ್ರ್ಯಾಪ್ ಕೂರಿಸಿದೆ. ನೆಲ ಎತ್ತರಿಸಿದ್ದರೆ ಅದೂ ಬೇಕಿರಲಿಲ್ಲ. ಆದರೆ ಅವ್ವನ ಕಾಲಿಗೆ ಮೆಟ್ಟಿಲು ಆಗದು.

ಕೆಲಸ ಮುಗಿದ ಮೇಲೂ ವಾಸನೆ! ವೆಂಟ್ ಸಾಲಲಿಲ್ಲವೇನೋ ಎಂದು ಅದನ್ನು ಇನ್ನೂ ಮೂರು ಅಡಿ ಏರಿಸಿದೆ. ಹೋಗಲಿಲ್ಲ. ಕೊನೆಗೆ ದರ್ಗಾ ಕಡೆಯಿಂದ ಲೋಬಾನ ತಂದು, ಡಬ್ಬಿಯಲ್ಲಿ ಹೊತ್ತಿಸಿ ಚೇಂಬರ್‌ನೊಳಗೆ ಇಟ್ಟು ಮುಚ್ಚಳ ಹಾಕಿದೆ. ವೆಂಟ್ ಬಿಟ್ಟರೆ ಹೊಸ ಲೈನಿನಲ್ಲಿ ಎಲ್ಲೂ ಒಂದು ಎಳೆ ಹೊಗೆಯೂ ಇಲ್ಲ. ಹೊಗೆ ಬಂದದ್ದು ಹಳೇ ಸಂಡಾಸದ ಪೈಪಿನಿಂದ! ಅದರ ಬಾಯಿಗೆ ನಾನೇ ಸಿಮೆಂಟ್ ಚೀಲ ತುರುಕಿ ಮರೆತಿದ್ದೆ. 60 ರೂಪಾಯಿಯ ಕ್ಯಾಪ್, ವಾಸನೆ ಬಂದ್.

ಆಮೇಲೆ ಬಾಳೆಹಣ್ಣಿನ ಪರೀಕ್ಷೆ. ಕೊಳೆತ ಹಣ್ಣು ಆರು, ಸಿಪ್ಪೆ ಸಮೇತ ಹಾಕಿ ಪೂರ್ತಿ ಫ್ಲಶ್ ಒತ್ತಿದೆ. ಮಗ ಚೇಂಬರ್ ಹತ್ತಿರ ನಿಂತು ಎಣಿಸಿದ, ಐದು ಬಂದವು. ಆರನೆಯದು ಮುಂದಿನ ಫ್ಲಶ್‌ಗೆ ಬಂತು. ಅರ್ಧ ಫ್ಲಶ್‌ನಲ್ಲಿ ಎರಡೇ. ಅದಕ್ಕೇ ಅವ್ವನಿಗೆ ದೊಡ್ಡ ಬಟನ್ ಒತ್ತು ಅಂದಿದ್ದೇನೆ.

ಎರಡನೇ ಸಲದ ಖರ್ಚು ನೆನಪಿನಿಂದ: ಕೋರ್ ಕಟಿಂಗ್ 1,800. ಪೈಪು, ಫಿಟಿಂಗ್ ಐದು ಸಾವಿರದ ಆಸುಪಾಸು. ಪಿ ಟ್ರ್ಯಾಪ್ ಕಮೋಡ್ 7,200. ನಾಲ್ಕು ಇಂಚಿನ ಅಡ್ಡಗೋಡೆ, ಬಾಗಿಲು, ಟೈಲ್ಸ್‌ಗೆ 14 ಸಾವಿರ. ನೀರಿನ ಲೈನು 2 ಸಾವಿರ. ಕೂಲಿ ಆರೂವರೆ. ಒಟ್ಟು 36-37 ಸಾವಿರ. ನನ್ನ ಕೂಲಿ ಇದರಲ್ಲಿ ಇಲ್ಲ, ಅದನ್ನು ಹಿಡಿದರೆ ನನ್ನ ಜಂಬ ಸ್ವಲ್ಪ ಇಳಿಯುತ್ತದೆ. ಎರಡು ಮಳೆಗಾಲ ದಾಟಿದೆ, ಒಮ್ಮೆಯೂ ಕಟ್ಟಿಲ್ಲ.

ನಕ್ಕಿದ್ದ ಗೌಂಡಿಯೇ ಈಗ ಆಳಂದ ರೋಡಿನ ಒಂದು ಮನೆಗೆ ನನ್ನನ್ನು ಕರೆದ. ಹೋಗಿ ನೋಡಿದೆ. ಪಕ್ಕದ ಮನೆಯ ಗೋಡೆ ಅಂಟಿಕೊಂಡೇ ಇದೆ, ಸಂದಿಯೇ ಇಲ್ಲ, ಪ್ಲಿಂತ್ ಆರು ಇಂಚು. ಅಲ್ಲಿ ನೆಲವನ್ನೇ ಒಡೆದೆವು. 62 ಸಾವಿರ ಬಿತ್ತು. ಗರಸು ಮಾತ್ರ ಎರಡು ಟ್ರ್ಯಾಕ್ಟರ್ ಹಾಕಿಸಿದೆ.