ಏಳನೆಯ ಆಜ್ಞೆಯೂ ಬಟವಾಡೆ ಪುಸ್ತಕವೂ

ಮೈಸೂರಿನಲ್ಲಿ ಮನೆ ಕಟ್ಟಿಸಿಕೊಡುವ ಕಂತ್ರಾಟು ಕೆಲಸ ನನ್ನದು. ನಾವು ಕಥೋಲಿಕ ಕ್ರೈಸ್ತರು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ, ಚರ್ಚಿನ ಗುರುಗಳ ಬಳಿ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗುವ ಹಿಂದಿನ ರಾತ್ರಿ ಬೈಬಲಿನ ಹತ್ತು ಆಜ್ಞೆಗಳನ್ನು ಒಂದೊಂದಾಗಿ ಓದಿ ಆತ್ಮಶೋಧನೆ ಮಾಡಿಕೊಳ್ಳಬೇಕೆಂದು ಚಿಕ್ಕಂದಿನಲ್ಲಿ ಕಲಿಸಿದ್ದರು. ಐವತ್ತು ದಾಟುವವರೆಗೂ ಹಾಗೆಯೇ ಮಾಡುತ್ತಿದ್ದೆ. ಹತ್ತಕ್ಕೂ ಸೇರಿ ಹದಿನೈದು ನಿಮಿಷ ಸಾಕಾಗುತ್ತಿತ್ತು. ಸಿಟ್ಟಾದದ್ದು, ಭಾನುವಾರದ ಪೂಜೆ ತಪ್ಪಿಸಿದ್ದು, ಸುಮ್ಮನೆ ಆಣೆ ಇಟ್ಟದ್ದು ನೆನಪಾಗುತ್ತಿದ್ದವು. ‘ಕದಿಯಬಾರದು’ ಎಂಬಲ್ಲಿ ಮಾತ್ರ ಕಣ್ಣು ನಿಲ್ಲುತ್ತಲೇ ಇರಲಿಲ್ಲ.

ನಮಗೆ ಅದು ಏಳನೆಯ ಆಜ್ಞೆ, ಪ್ರೊಟೆಸ್ಟೆಂಟರ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮನೆತನದಿಂದ ಬಂದ ನನ್ನ ಹೆಂಡತಿಗೆ ಎಂಟನೆಯದು. ವಿಗ್ರಹ ಮಾಡಿಕೊಳ್ಳಬಾರದೆಂಬ ಮಾತನ್ನು ಅವರು ಬೇರೆಯಾಗಿ ಎಣಿಸುತ್ತಾರೆ. ನಾವು ಅದನ್ನು ಮೊದಲನೆಯದರಲ್ಲೇ ಸೇರಿಸಿ, ಪರರದನ್ನು ಆಶಿಸಬಾರದೆಂಬ ಕೊನೆಯ ಮಾತನ್ನು ಎರಡು ಮಾಡುತ್ತೇವೆ. ನಮ್ಮ ಮನೆಯಲ್ಲಿ ಆಜ್ಞೆಯನ್ನು ಸಂಖ್ಯೆಯಿಂದ ಕರೆಯುವ ಹಾಗಿಲ್ಲ.

ಒಂದು ವರ್ಷ ಗುರುಗಳು, ಹತ್ತನ್ನೂ ಓದಿ ಮುಗಿಸುವ ಬದಲು ಒಂದನ್ನೇ ಹಿಡಿದು, ಅದಕ್ಕೆ ಸಂಬಂಧಪಟ್ಟವರ ಹೆಸರುಗಳನ್ನು ಬರೆದುಕೊಂಡು ಬನ್ನಿ ಎಂದರು. ಬೇಗ ಮುಗಿಯುತ್ತದೆಂಬ ಲೆಕ್ಕಾಚಾರದಿಂದಲೇ ಏಳನೆಯದನ್ನು ಆರಿಸಿಕೊಂಡೆ. ಹೆಸರು ಎಲ್ಲಿಂದ ತರುವುದೆಂದು ಯೋಚಿಸಿದಾಗ ಕೈಗೆ ಸಿಕ್ಕಿದ್ದು ಆಳುಗಳ ಕೂಲಿ ಬರೆದಿಡುವ ಬಟವಾಡೆ ಪುಸ್ತಕ.

ನಮ್ಮ ಕಸುಬಿನಲ್ಲಿ ಹಲವರು ಪಾಲಿಸುವ ಒಂದು ರೂಢಿಯಿದೆ. ಹೊಸ ಆಳು ಬಂದರೆ ಮೊದಲ ವಾರದ ಕೂಲಿಯನ್ನು ಹಿಡಿದಿಟ್ಟುಕೊಂಡು, ಎರಡನೆಯ ಶನಿವಾರದಿಂದ ಕೊಡಲು ಶುರುಮಾಡುತ್ತೇವೆ. ಅವನು ಹೇಳದೆ ಕೇಳದೆ ಬಿಟ್ಟು ಹೋದರೆ ಆ ವಾರದ ದುಡ್ಡು ನಮ್ಮಲ್ಲೇ ಉಳಿಯುತ್ತದೆ. ಯಾದಗಿರಿ, ರಾಯಚೂರು ಕಡೆಯಿಂದ ಬಂದವರು ಊರಿನಲ್ಲಿ ಸಾವೋ ಬಿತ್ತನೆಯೋ ಎಂದು ಹೊರಟುಬಿಡುವುದುಂಟು. ಅಂಥ ಹನ್ನೊಂದು ಹೆಸರುಗಳು ಆರು ವರ್ಷದ ಪುಸ್ತಕಗಳಲ್ಲಿ ಸಿಕ್ಕವು. ಒಂದು ಪುಟದಲ್ಲಿ ಗಂಡ ಹೆಂಡತಿ ಇದ್ದರು: ಗಾರೆ ಕೆಲಸದ ಅವನಿಗೆ ದಿನಕ್ಕೆ 700, ಕಲಸಿದ ಮಾಲು ಹೊರುತ್ತಿದ್ದ ಅವಳಿಗೆ 400, ಆರು ದಿನಕ್ಕೆ ಒಟ್ಟು 6,600 ರೂಪಾಯಿ. ಎದುರಿಗೆ ನನ್ನದೇ ಕೈಬರಹದಲ್ಲಿ ‘ಬಿಟ್ಟು ಹೋದರು’ ಎಂದಿತ್ತು. ಅದೇ ಜೂನ್ 13ರ ಹಬ್ಬಕ್ಕೆ ಡೋರ್ನಹಳ್ಳಿಯ ಸಂತ ಅಂತೋಣಿಯವರಿಗೆ ಐದು ಸಾವಿರ ಹರಕೆ ಒಪ್ಪಿಸಿದ್ದೂ ಮುಂದಿನ ಪುಟದಲ್ಲೇ ಇತ್ತು.

ಕೂಲಿಯವನ ಕೂಲಿಯನ್ನು ಬೆಳಗಿನವರೆಗೂ ಇಟ್ಟುಕೊಳ್ಳಬಾರದೆಂದು ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯ ಹೇಳುತ್ತದೆ. ವಾರಕ್ಕೊಮ್ಮೆ ಎಂದು ಇಬ್ಬರೂ ಒಪ್ಪಿಕೊಂಡ ಬಟವಾಡೆಯನ್ನು ನಾನು ಕಳವು ಎನ್ನುವುದಿಲ್ಲ. ಆದರೆ ದುಡಿದು ಮುಗಿಸಿದ ವಾರದ ಹಣವನ್ನು ಆಳು ಹೋದ ಮೇಲೂ ಇಟ್ಟುಕೊಂಡದ್ದಕ್ಕೆ ಬೇರೆ ಹೆಸರು ಎಷ್ಟು ಹುಡುಕಿದರೂ ಸಿಗಲಿಲ್ಲ. ಪಾಪನಿವೇದನೆಯಲ್ಲಿ ಹೇಳಿಕೊಂಡಾಗ ಗುರುಗಳು ಕೇಳಿದ್ದು ಒಂದೇ: ಹಿಂದಿರುಗಿಸುವುದು ಯಾವಾಗ? ನಾಲ್ಕರಷ್ಟು ಕೊಡುತ್ತೇನೆಂದ ಬೈಬಲಿನ ಸುಂಕದ ಅಧಿಕಾರಿ ಜಕ್ಕಾಯನ ಧೈರ್ಯ ನನಗಿರಲಿಲ್ಲ, ಅಸಲನ್ನಷ್ಟೇ ಕೊಟ್ಟೆ. ಹಳೆಯ ಆಳುಗಳನ್ನು ವಿಚಾರಿಸಿ ಎಂಟು ಜನರ ಫೋನ್ ನಂಬರು ಹಿಡಿದೆ. ಆ ಗಾರೆಯವನು, “ಯಾವ ರೊಕ್ಕರೀ ಸಾವ್ಕಾರ್ರ, ಅದನ್ನ ನಾವು ಆವಾಗಲೇ ಬಿಟ್ಟೇವ್ರಿ” ಎಂದ. ಹಿಂದಿನಿಂದ ಹೆಂಡತಿ ಖಾತೆಯ ನಂಬರು ಹೇಳುವುದು ಕೇಳಿಸುತ್ತಿತ್ತು.

ಹಣಕ್ಕಿಂತ ಕಷ್ಟವಾದದ್ದು ಎಂಟನೆಯ ಆಜ್ಞೆ, ಅಂದರೆ ಸುಳ್ಳುಸಾಕ್ಷಿಯದು. ಅದೇ ಗಾರೆಯವನನ್ನು ‘ಕೈಕೊಡುವ ಆಸಾಮಿ’ ಎಂದು ಇನ್ನೊಬ್ಬ ಕಂತ್ರಾಟುದಾರರ ಬಳಿ ನಾನು ಹೇಳಿದ್ದೆ, ಆ ಮಾತಿಗೆ ಅವನಿಗೆ ಅಲ್ಲಿ ಕೆಲಸ ತಪ್ಪಿತ್ತು. ಅವನು ಬಿಟ್ಟು ಹೋದದ್ದು ನಿಜವಲ್ಲವೇ ಎಂದು ಬಹಳ ದಿನ ನನ್ನೊಳಗೇ ವಾದಿಸಿದೆ. ಆದರೆ ಅವನ ಒಂದು ವಾರದ ಕೂಲಿ ನನ್ನ ಬಳಿ ಇತ್ತೆಂಬ ಅರ್ಧವನ್ನು ನುಂಗಿಕೊಂಡೇ ನಾನು ಆ ನಿಜವನ್ನು ಹೇಳಿದ್ದೆ. ಸರಿಯಾದ ಕಾರಣವಿಲ್ಲದೆ ಪರರ ತಪ್ಪನ್ನು ಬಯಲು ಮಾಡಿದರೆ, ಆ ತಪ್ಪು ನಿಜವಾಗಿದ್ದರೂ ಅದು ದೋಷವೇ ಎಂಬುದು ಧರ್ಮಸಭೆಯ ಬೋಧನೆ. ಕೊನೆಗೆ ಆ ಕಂತ್ರಾಟುದಾರರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ನಕ್ಕು, “ಹಾಗಾದರೆ ನಾವೆಲ್ಲರೂ ಕಳ್ಳರೇ ಬಿಡಿ” ಎಂದು ಬೇರೆ ಮಾತು ತೆಗೆದರು.

ಉಳಿದ ಮೂವರ ಸುಳಿವು ಸಿಕ್ಕಿಲ್ಲ. ಒಡೆಯ ಸಿಗದಿದ್ದರೆ ಬಡವರಿಗೆ ಕೊಡಬಹುದೆನ್ನುತ್ತಾರೆ. ನನ್ನ ಹುಡುಕಾಟ ಅಷ್ಟಾಗಿ ಆಗಿಲ್ಲವೆಂದು ನನಗೇ ಗೊತ್ತಿರುವುದರಿಂದ ಆ ಹಣವನ್ನು ಬೇರೆ ಖಾತೆಯಲ್ಲಿಟ್ಟಿದ್ದೇನೆ. ಈಗ ಮೊದಲ ಶನಿವಾರವೇ ಪೂರ್ತಿ ಬಟವಾಡೆ ಕೊಡುತ್ತೇನೆ. ಕಳೆದ ವರ್ಷ ಇಬ್ಬರು ದುಡ್ಡು ಪಡೆದು ಸೋಮವಾರ ಬರಲಿಲ್ಲ. ಮಾರನೆಯ ದಿನ ಮೋಲ್ಡು ಹಾಕಬೇಕಿದ್ದರಿಂದ ಹೆಚ್ಚು ಕೂಲಿ ಕೊಟ್ಟು ಬೇರೆಯವರನ್ನು ಕರೆತಂದೆ. ಅವರಿಬ್ಬರ ಹೆಸರಿನ ಎದುರು ‘ಬಾಕಿ ಇಲ್ಲ’ ಎಂದು ಬರೆದುಕೊಂಡಿದ್ದೇನೆ.