ರಕ್ತ ಕೊಟ್ಟ ಮೇಲೆ ಹೆಪಟೈಟಿಸ್ ಅಂತ ಫೋನ್ ಬಂದರೆ: ರಿಪೋರ್ಟ್ ಓದೋದು ಹೀಗೆ
ಹುಬ್ಬಳ್ಳಿಯ ಒಂದು ರಕ್ತನಿಧಿಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ದಾನಿಗಳಿಗೆ ಫೋನ್ ಮಾಡಿ "ಒಮ್ಮೆ ಬಂದು ಹೋಗ್ರಿ" ಅನ್ನೋ ಕೆಲಸವೂ ನನ್ನದೇ. ಆ ಕಡೆಯಿಂದ ಬರುವ ಮಾತು ಹೆಚ್ಚುಕಡಿಮೆ ಒಂದೇ: "ನನಗ ಯಾವತ್ತೂ ಕಾಮಣಿ ಆಗಿಲ್ರಿ ಮೇಡಂ!" ಆಗಿರಲಿಕ್ಕಿಲ್ಲ. ಲಿವರ್‌ಗೆ ತಗುಲುವ ಹೆಪಟೈಟಿಸ್ ಬಿ, ಸಿ ವೈರಸ್‌ಗಳು ಎಷ್ಟೋ ಸಲ ಕಣ್ಣು ಹಳದಿ ಮಾಡದೆಯೇ ಬಂದು ಹೋಗುತ್ತವೆ. ಕೆಲವರಲ್ಲಿ ಉಳಿದುಬಿಡುತ್ತವೆ.

ಮೊದಲು ಯಾವ ಟೆಸ್ಟ್ ಅಂತ ನೋಡಿ. ಎಚ್‌ಬಿಎಸ್‌ಎಜಿ (ಬಿ ವೈರಸ್‌ನ ಹೊರಕವಚದ ಪ್ರೋಟೀನ್ ಹುಡುಕುವ ಟೆಸ್ಟ್) ಪಾಸಿಟಿವ್ ಇದ್ದು, ಮರುಪರೀಕ್ಷೆಯಲ್ಲೂ ಹಾಗೇ ಬಂದರೆ ಬಿ ವೈರಸ್ ಈಗ ಮೈಯಲ್ಲಿದೆ. ಆರು ತಿಂಗಳಾದರೂ ಹೋಗದಿದ್ದರೆ ಅದು ದೀರ್ಘಕಾಲದ್ದು. ಹಾಂ, ಬಿ ಲಸಿಕೆ ಹಾಕಿಸಿಕೊಂಡು ಎರಡು ಮೂರು ವಾರ ಆಗಿಲ್ಲ ಅಂದರೆ ಮೊದಲೇ ಹೇಳಿ. ಲಸಿಕೆಯಿಂದಲೇ ಕೆಲವು ದಿನ ಪಾಸಿಟಿವ್ ತೋರಿಸಬಹುದು.

ಆ್ಯಂಟಿ-ಎಚ್‌ಬಿಸಿ ಅನ್ನೋದು ಬೇರೆ, ಬಿ ವೈರಸ್ ವಿರುದ್ಧ ನಮ್ಮ ಮೈ ತಯಾರಿಸುವ ಒಂದು ಆ್ಯಂಟಿಬಾಡಿ (ಪ್ರತಿಕಾಯ). ಅದು ಸಾಮಾನ್ಯವಾಗಿ ಹಿಂದೆ ಯಾವಾಗಲೋ ಸೋಂಕು ತಗುಲಿದ್ದರ ಗುರುತು. ಲಸಿಕೆಯಿಂದ ಬರೋದಿಲ್ಲ, ಬಂದರೆ ಬಹುಪಾಲು ಜೀವನಪೂರ್ತಿ ಇರುತ್ತದೆ. ನಮ್ಮ ದೇಶದ ದಾನಿಗಳಲ್ಲಿ ಎಚ್‌ಬಿಎಸ್‌ಎಜಿ ಸುಮಾರು ನೂರಕ್ಕೆ ಒಬ್ಬರಲ್ಲಿ ಸಿಗುತ್ತದೆ. ಈ ಹಳೇ ಗುರುತು ಅದರ ಹಲವು ಪಟ್ಟು ಜನರಲ್ಲಿ ಇರುತ್ತದೆ. ಅವರನ್ನೆಲ್ಲ ಬೇಡ ಅಂದರೆ ರಕ್ತವೇ ಸಾಲೋದಿಲ್ಲ, ಅದಕ್ಕೇ ಇಲ್ಲಿ ಈ ಟೆಸ್ಟ್ ಕಡ್ಡಾಯ ಮಾಡಿಲ್ಲ. ನನಗೆ ಇದು ಸರಿಯಾದ ಲೆಕ್ಕವೇ ಅನ್ನಿಸುತ್ತದೆ. ಆದರೆ ರಕ್ತನಿಧಿಯಿಂದ 'ನೆಗೆಟಿವ್' ಬಂದ ಮಾತ್ರಕ್ಕೆ ಯಾವತ್ತೂ ಸೋಂಕೇ ತಗುಲಿಲ್ಲ ಅಂತ ತಿಳಿಯಬೇಡಿ.

ಸಿ ಆ್ಯಂಟಿಬಾಡಿ ಪಾಸಿಟಿವ್ ಅಂದರೂ ವೈರಸ್ ಈಗ ಇದೆ ಅಂತಲ್ಲ. ಸುಮಾರು ಮೂರರಲ್ಲಿ ಒಬ್ಬರಿಗೆ ತಾನಾಗಿಯೇ ಹೋಗಿರುತ್ತದೆ. ವೈರಸ್ಸನ್ನೇ ನೇರವಾಗಿ ಹುಡುಕುವ ಆರ್‌ಎನ್‌ಎ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದೆ. ಇದ್ದರೂ ಸಾಮಾನ್ಯವಾಗಿ 12 ವಾರ ಮಾತ್ರೆ, ಅಷ್ಟೇ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಉಚಿತ. ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಬಿ ಇದ್ದರೆ ಮನೆಯವರಿಗೂ ಟೆಸ್ಟ್ ಮಾಡಿಸಿ, ನೆಗೆಟಿವ್ ಇದ್ದವರಿಗೆ ಲಸಿಕೆ ಹಾಕಿಸಿ. ರೇಜರ್ ಹಂಚಿಕೊಳ್ಳಬೇಡಿ. ಒಟ್ಟಿಗೆ ರೊಟ್ಟಿ ತಿಂದರೆ ಹರಡೋದಿಲ್ಲ, ತಟ್ಟೆ ಬೇರೆ ಇಡುವ ಕೆಲಸ ಬೇಡ.

ಕ್ಯಾಂಪ್‌ನಲ್ಲಿ ಫಾರ್ಮ್ ತುಂಬುವಾಗ ಸುಮ್ನೆ ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಹಾಕಬೇಡಿ. ಕಾಮಣಿಗೆ ಬರೆ ಹಾಕಿಸಿಕೊಂಡ ಗುರುತು ಮುಂಗೈ ಮೇಲೆ ಎದ್ದು ಕಾಣುತ್ತಿರುತ್ತದೆ, ಫಾರ್ಮ್‌ನಲ್ಲಿ ಮಾತ್ರ 'ಇಲ್ಲ'! ಹೆಪಟೈಟಿಸ್ ಎ ಅಥವಾ ಇ ವೈರಸ್‌ನಿಂದ ಕಾಮಣಿ ಆಗಿದ್ದರೆ ಒಂದು ವರ್ಷ ಬಿಟ್ಟು ಕೊಡಬಹುದು. ಬಿ, ಸಿ ಆಗಿದ್ದರೆ ಮತ್ತೆ ಕೊಡುವಂತಿಲ್ಲ.

ಮರುಪರೀಕ್ಷೆಗೆ ಬರುವಾಗ ಹಳೇ ರಿಪೋರ್ಟ್, ಲಸಿಕೆ ಚೀಟಿ ತನ್ನಿ. ಉಪವಾಸ ಬೇಕಿಲ್ಲ, ನಾಷ್ಟಾ ಮಾಡಿಯೇ ಬನ್ನಿ.