ನಮ್ಮ ಮನೆಗೆ ಬರೋ ಮುಂಚೆ ಇದು ಬೆಂಕಿ ಕಂಡಿದೆಯಾ?

ಎರಡು ವರ್ಷದ ಹಿಂದೆ ಒಂದು ಪ್ರಕೃತಿ ಚಿಕಿತ್ಸಾ ಕೇಂದ್ರದಲ್ಲಿ 10 ದಿನ ಇದ್ದು ಬಂದೆ. ಅಲ್ಲಿ ರಾತ್ರಿ ಊಟಕ್ಕೆ ಹಣ್ಣು, ಹಸಿ ತರಕಾರಿ, ಮೊಳಕೆ ಕಾಳು, ತೆಂಗಿನಕಾಯಿ ಇಷ್ಟೇ. ನನಗೆ ಅದು ಹಿಡಿಸಿತು. ಮನೆಯಲ್ಲೂ ದಿನಕ್ಕೆ ಒಂದು ಹೊತ್ತು ಬೇಯಿಸದ್ದನ್ನೇ ತಿನ್ನಬೇಕು ಅಂತ ತೀರ್ಮಾನಿಸಿ, ಬೆಳಗಿನ ತಿಂಡಿಯನ್ನು ಆರಿಸಿಕೊಂಡೆ.

ಮೊದಲ ವಾರದಲ್ಲಿ ನಾಲ್ಕು ದಿನ ತಿಂದದ್ದು ತೆಳು ಅವಲಕ್ಕಿ. ಕಾಯಿತುರಿ, ಬೆಲ್ಲ, ಏಲಕ್ಕಿ ಹಾಕಿ ಕಲಸಿದ್ದು. ಒಲೆ ಹಚ್ಚಿಲ್ಲ ಅಂದಮೇಲೆ ಅದು ಹಸಿಯೇ ಅಲ್ವಾ ಅಂದುಕೊಂಡಿದ್ದೆ. ಐದನೇ ದಿನ ಅತ್ತೆ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಅವರು ಸಾಗರದ ಕಡೆಯವರು.

"ಅವಲಕ್ಕಿ ಹಸಿ ಅಂತ ಯಾರು ಹೇಳಿದ್ದು ತಂಗಿ?" ಅಂದರು.

"ಬೇಯಿಸಿಲ್ಲವಲ್ಲ ಅತ್ತೆ."

"ನೀನು ಬೇಯಿಸಿಲ್ಲ. ನಾವು ಭತ್ತ ನೆನೆಸಿ, ನೀರು ಬಸಿದು, ಓಡಿನಲ್ಲಿ ಹುರಿದು, ಬಿಸಿ ಇರುವಾಗಲೇ ಒರಳಿಗೆ ಹಾಕಿ ಕುಟ್ಟುತ್ತಿದ್ದೆವು. ಒಬ್ಬರು ಹುರಿಯೋದು, ಇಬ್ಬರು ಒನಕೆ ಹಿಡಿಯೋದು. ಸ್ವಲ್ಪ ಆರಿದರೂ ಚಪ್ಪಟೆ ಆಗುತ್ತಿರಲಿಲ್ಲ, ನುಚ್ಚಾಗುತ್ತಿತ್ತು."

ಅವಲಕ್ಕಿ ಮಿಲ್ಲಿನಲ್ಲೂ ಕೆಲಸ ಇದೇ. ನೆನೆದ ಭತ್ತವನ್ನು ಹುರಿದು, ಬಿಸಿಬಿಸಿಯಾಗಿ ಯಂತ್ರಕ್ಕೆ ಕೊಡುತ್ತಾರೆ. ನೀರು ಚಿಮುಕಿಸಿದ ತಕ್ಷಣ ಅವಲಕ್ಕಿ ಮೆತ್ತಗಾಗೋದು ಅದು ಮೊದಲೇ ಬೆಂದಿರುವುದರಿಂದ. ಹಸಿ ಅಕ್ಕಿ ಹಾಗೆ ಮೆತ್ತಗಾಗುತ್ತದಾ? ಇಷ್ಟು ಸರಳ ವಿಷಯ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅವತ್ತೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಒಂದೊಂದಕ್ಕೂ ಕೇಳಿಕೊಂಡದ್ದು ಒಂದೇ ಪ್ರಶ್ನೆ: ನಮ್ಮ ಮನೆಗೆ ಬರೋ ಮುಂಚೆ ಇದು ಬೆಂಕಿ ಕಂಡಿದೆಯಾ? ಹಸಿ ಆಹಾರ ತಿನ್ನುವವರು ಸಾಮಾನ್ಯವಾಗಿ 42ರಿಂದ 48 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲೋ ಒಂದು ಗೆರೆ ಹಾಕಿಕೊಳ್ಳುತ್ತಾರೆ. ಅದಕ್ಕಿಂತ ಜಾಸ್ತಿ ಬಿಸಿಯಾದರೆ ಹಸಿ ಅಲ್ಲ. ನಾನು 45 ಅಂತ ಇಟ್ಟುಕೊಂಡೆ. ಬಿಸಿಲಲ್ಲಿ ಒಣಗಿಸಿದ್ದನ್ನು ಹಸಿಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಮಂಡಕ್ಕಿ, ಹುರಿಗಡಲೆ, ಹುರಿಹಿಟ್ಟು ಇವುಗಳ ಬಗ್ಗೆ ಯೋಚನೆಯೇ ಬೇಕಾಗಲಿಲ್ಲ. ಕುಚ್ಚಲಕ್ಕಿಯೂ ಹಾಗೆ, ಭತ್ತವನ್ನೇ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ ಅದು. ಓಟ್ಸ್ ಮಾತ್ರ ಅನುಮಾನ ಹುಟ್ಟಿಸಿತು. ವಿಚಾರಿಸಿದಾಗ, ಕಾಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಚಪ್ಪಟೆ ಮಾಡುತ್ತಾರೆ ಅಂತ ಗೊತ್ತಾಯಿತು. ಅದೂ ಅವಲಕ್ಕಿಯ ನೆಂಟನೇ.

ಬೆಲ್ಲದ ಡಬ್ಬಿ ಬದಿಗಿಡುವಾಗ ಮನಸ್ಸಿಗೆ ಕಷ್ಟವಾಯಿತು. ಆದರೆ ಮಂಡ್ಯದ ಕಡೆ ಆಲೆಮನೆ ನೋಡಿದವರಿಗೆ ಇದರಲ್ಲಿ ಅನುಮಾನ ಇರೋದಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಗಂಟೆಗಟ್ಟಲೆ ಕುದಿಯುತ್ತದೆ. ಅಚ್ಚಿಗೆ ಸುರಿಯುವ ಹೊತ್ತಿಗೆ ಪಾಕದ ಬಿಸಿ 115 ಡಿಗ್ರಿ ದಾಟಿರುತ್ತದೆ. ಈಗ ನಾನು ಸಿಹಿಗೆ ಖರ್ಜೂರ ಬಳಸುತ್ತೇನೆ. ಇಲ್ಲದಿದ್ದರೆ ಒಣದ್ರಾಕ್ಷಿ. ವಿಜಯಪುರದ ಕಡೆ ದ್ರಾಕ್ಷಿ ಗೊಂಚಲನ್ನು ಒಣಗಿಸುವ ದ್ರಾವಣದಲ್ಲಿ ಅದ್ದಿ, ನೆರಳಿನ ಚಪ್ಪರದಲ್ಲಿ ಜಾಲರಿಯ ಮೇಲೆ ಹರಡಿ ಗಾಳಿಗೆ ಒಣಗಿಸುತ್ತಾರೆ. ಬೆಂಕಿ ಇಲ್ಲ, ಆದರೆ ದ್ರಾವಣದ ಅಂಶ ಇರುತ್ತದೆ. ಹಾಗಾಗಿ ಚೆನ್ನಾಗಿ ತೊಳೆದೇ ತಿನ್ನುತ್ತೇನೆ.

ಗೋಡಂಬಿ ವಿಷಯ ಎಲ್ಲರಿಗೂ ಹೇಳಬೇಕು ಅನ್ನಿಸುತ್ತದೆ. ಅಂಗಡಿಯಲ್ಲಿ ಬೆಳ್ಳಗೆ, ಹುರಿಯದೆ ಸಿಗುವುದನ್ನು ಹಸಿ ಗೋಡಂಬಿ ಅಂತಲೇ ಮಾರುತ್ತಾರೆ. ನನ್ನ ತವರು ಕಾರ್ಕಳದ ಹತ್ತಿರ. ಅಲ್ಲಿ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದ ಹೆಂಗಸರ ಬೆರಳು ಕಪ್ಪಾಗಿ ಸುಲಿದಿರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಸಿಪ್ಪೆಯೊಳಗಿನ ಎಣ್ಣೆ ಅಷ್ಟು ಸುಡುತ್ತದೆ. ಬೂದಿಯನ್ನೋ ಎಣ್ಣೆಯನ್ನೋ ಕೈಗೆ ಹಚ್ಚಿಕೊಂಡೇ ಕೂರುತ್ತಿದ್ದರು. ಆ ಬೀಜವನ್ನು ಮೊದಲು ಹಬೆಯಲ್ಲಿ ಬೇಯಿಸಿಯೋ ಹುರಿದೋ ಆಮೇಲೆ ಒಡೆಯುತ್ತಾರೆ. ಒಳಗಿನ ಕೆಂಪು ಪೊರೆ ಬಿಡಲಿ ಅಂತ ಮತ್ತೊಮ್ಮೆ ಬಿಸಿ ಗೂಡಿನಲ್ಲಿ ಒಣಗಿಸುತ್ತಾರೆ. ಎರಡು ಸಲ ಬಿಸಿ ಕಂಡ ಮೇಲೆ ಹಸಿ ಅನ್ನೋದು ಹೇಗೆ? ಹಾಗಂತ ಗೇರುಬೀಜವನ್ನು ಮನೆಯಲ್ಲೇ ಒಡೆದು ತಿನ್ನಲು ಮಾತ್ರ ಹೋಗಬೇಡಿ. ಬಾಯಿ, ಕೈ ಎರಡೂ ಸುಟ್ಟುಕೊಳ್ಳುತ್ತೀರಿ.

ಇಷ್ಟೆಲ್ಲ ಕಳೆದ ಮೇಲೆ ಉಳಿದದ್ದು ಯಾವುದು? ಅದನ್ನು ತಿಳಿಯೋಕೆ ನಾನೇ ಒಂದು ಪರೀಕ್ಷೆ ಮಾಡಿದೆ. ಹಳೆ ಪಂಚೆಯನ್ನು ಅಂಗೈ ಅಗಲಕ್ಕೆ ಏಳು ತುಂಡು ಮಾಡಿದೆ. ಹೆಸರುಕಾಳು, ಕಡಲೆಕಾಳು, ಕಡಲೆಬೀಜ, ಗೋಧಿ, ರಾಗಿ, ಕರಿ ಎಳ್ಳು, ಹುರಿಗಡಲೆ ಒಂದೊಂದು ಹಿಡಿ. ರಾತ್ರಿಯೆಲ್ಲ ನೆನೆಸಿ, ಬೆಳಗ್ಗೆ ನೀರು ಬಸಿದು, ಗಂಟು ಕಟ್ಟಿ, ಸಿಂಕಿನ ಮೇಲಿನ ಕಂಬಿಗೆ ನೇತುಹಾಕಿದೆ. ದಿನಕ್ಕೆ ಎರಡು ಸಲ ನೀರು ಚಿಮುಕಿಸುತ್ತಿದ್ದೆ. ಅದೇ ದಿನ ಸಂಜೆಗೆ ಹೆಸರುಕಾಳಿನ ಸಿಪ್ಪೆ ಬಿರಿದು ಬಿಳಿ ತುದಿ ಇಣುಕಿತು. ಮಾರನೇ ದಿನ ಕಡಲೆ, ಗೋಧಿ, ರಾಗಿ. ರಾಗಿಯ ಬಟ್ಟೆ ಬಿಡಿಸಿದರೆ ಕೆಂಪು ಕಾಳುಗಳ ನಡುವೆ ದಾರದಂಥ ಬಿಳಿ ಬೇರು ಒಂದಕ್ಕೊಂದು ಹೆಣೆದುಕೊಂಡಿದ್ದವು. ಕಡಲೆಬೀಜದಲ್ಲಿ ಮುಕ್ಕಾಲು ಭಾಗ ಮೊಳೆಯಿತು. ಎಳ್ಳು ಮೂರನೇ ದಿನ. ಹುರಿಗಡಲೆ ಮಾತ್ರ ಲೋಳೆಯಾಗಿ ಹುಳಿ ವಾಸನೆ ಬಂತು. ಹುರಿದ ಕಾಳಿನಲ್ಲಿ ಜೀವ ಇಲ್ಲ ಅನ್ನೋದು ಕಣ್ಣಿಗೇ ಕಂಡಿತು.

ಮೊಳಕೆ ಬಂದರೆ ಅದು ಹಸಿ, ಇದರಲ್ಲಿ ಅನುಮಾನ ಬೇಡ. ಬರದೇ ಇದ್ದರೆ ಮಾತ್ರ ಆತುರದಿಂದ ಹೇಳೋಕಾಗಲ್ಲ. ಹಳೇ ಕಾಳೂ ಮೊಳೆಯೋದಿಲ್ಲ. ಹೆಸರುಬೇಳೆ ಒಡೆದ ಕಾಳು, ಅದು ಮೊಳೆಯೋ ಮಾತೇ ಇಲ್ಲ. ಆದರೆ ಅದು ಹಸಿಯೇ. ರಾಮನವಮಿಗೆ ಮಾಡುವ ಕೋಸಂಬರಿ ನೋಡಿ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ, ಕೊತ್ತಂಬರಿ ಸೊಪ್ಪು, ನಿಂಬೆರಸ. ಒಗ್ಗರಣೆ ಬಿಟ್ಟರೆ ಪೂರ್ತಿ ಹಸಿ ತಿಂಡಿ! ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳೋದು ಇದನ್ನೇ.

ತೆಂಗಿನಕಾಯಿ ಸರಿ, ಕೊಬ್ಬರಿ? ತಿಪಟೂರು ಕಡೆ ಗಿಟುಕು ಕೊಬ್ಬರಿಗೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು ಗಟಗಟ ಅಲ್ಲಾಡುತ್ತದೆ. ಅದನ್ನು ಖುಷಿಯಿಂದ ಹಸಿ ಪಟ್ಟಿಗೆ ಸೇರಿಸಿದೆ. ಅರಿಶಿನಪುಡಿ ಮಾತ್ರ ಆಶ್ಚರ್ಯ ಪಡಿಸಿತು. ಗಡ್ಡೆಯನ್ನು ಹಂಡೆಯಲ್ಲಿ ಬೇಯಿಸಿ, ಆಮೇಲೆ ಒಣಗಿಸಿ ಪುಡಿ ಮಾಡುತ್ತಾರಂತೆ. ಸಿಕ್ಕಾಗ ಹಸಿ ಅರಿಶಿನವನ್ನೇ ತುರಿದು ಹಾಕುತ್ತೇನೆ, ಇಲ್ಲದಿದ್ದರೆ ಇಲ್ಲ. ಜೇನು ಅಂಗಡಿಯದು ಬೇಡ ಅಂದುಕೊಂಡೆ, ಬಾಟಲಿಗೆ ತುಂಬುವ ಮುಂಚೆ ಎಷ್ಟೋ ಕಡೆ ಬಿಸಿ ಮಾಡುತ್ತಾರೆ. ಶಿರಸಿಯಿಂದ ಪರಿಚಯದವರೊಬ್ಬರು ತುಡುವೆ ಜೇನು ಕಳಿಸುತ್ತಾರೆ. ಯಂತ್ರದಲ್ಲಿ ತಿರುಗಿಸಿ ತೆಗೆದು, ಸೋಸಿದ್ದು ಅಷ್ಟೇ.

ಹಾಲಿನ ವಿಷಯದಲ್ಲಿ ನಾನು ಹಟ ಹಿಡಿಯಲಿಲ್ಲ. ಪ್ಯಾಕೆಟ್ ಹಾಲನ್ನು ಸಾಮಾನ್ಯವಾಗಿ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿರುತ್ತಾರೆ, ಅದು ಹಸಿ ಅಲ್ಲ. ಕರೆದ ಹಾಲನ್ನು ಹಾಗೇ ಕುಡಿದರೆ ಕ್ಷಯ, ಬ್ರುಸೆಲ್ಲೋಸಿಸ್ ತರಹದ ಕಾಯಿಲೆ ಅಂಟಬಹುದು. ಆದ್ದರಿಂದ ಕಾಯಿಸಿದ ಹಾಲಿನ ಮೊಸರನ್ನೇ ತಿನ್ನುತ್ತೇನೆ. ಹಸಿ ಒಂದೆಲಗದ ಸೊಪ್ಪು, ಕಾಯಿ, ಜೀರಿಗೆ ರುಬ್ಬಿ ಆ ಮೊಸರಿಗೆ ಕಲಸಿ ತಂಬುಳಿ ಮಾಡುತ್ತೇನೆ. ಪಟ್ಟಿಗೆ ಪೂರ್ತಿ ಹೊಂದದಿದ್ದರೂ ಅದನ್ನು ಬಿಡಲಾರೆ.

ಇನ್ನೊಂದನ್ನು ಗಟ್ಟಿಯಾಗಿ ಹೇಳಬೇಕು. ಹಸಿ ಇರುವುದೆಲ್ಲ ಹಸಿಯಾಗಿ ತಿನ್ನೋಕಲ್ಲ. ರಾಜ್ಮಾ ಚೆನ್ನಾಗಿ ಮೊಳೆಯುತ್ತದೆ, ಆದರೆ ನಾಲ್ಕೈದು ಹಸಿ ಕಾಳು ತಿಂದರೂ ವಾಂತಿ, ಭೇದಿ ಆಗಬಹುದು. ಅದರಲ್ಲಿರುವ ವಿಷದ ಅಂಶ ಹೋಗೋದು ಕುದಿಸಿದರೆ ಮಾತ್ರ. ಮರಗೆಣಸು, ಅವರೆಕಾಳು, ಸೋಯಾ ಇವನ್ನೂ ಬೇಯಿಸಿಯೇ ತಿನ್ನಿ. ಮೊಳಕೆ ಕಾಳನ್ನು ಪ್ರತಿ ಸಲ ತೊಳೆದು ಫ್ರಿಜ್ಜಿನಲ್ಲಿಡಿ, ಲೋಳೆ ಬಂದರೆ ಎಸೆಯಿರಿ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ತುಂಬಾ ವಯಸ್ಸಾದವರಿಗೆ ಹಸಿ ಮೊಳಕೆ ಬೇಡ. ನಮ್ಮ ಅತ್ತೆಗೆ ನಾನು ಹಬೆಯಲ್ಲಿ ಬೇಯಿಸಿಯೇ ಕೊಡುತ್ತೇನೆ. 1929ರಲ್ಲಿ ಗಾಂಧೀಜಿಯವರೂ ನೆನೆಸಿದ ಧಾನ್ಯ, ಮೊಳಕೆ ಕಡಲೆ ಇಟ್ಟುಕೊಂಡು ಬೇಯಿಸದ ಆಹಾರದ ಪ್ರಯೋಗ ಮಾಡಿದ್ದರು. ಹೊಟ್ಟೆ ಕೆಟ್ಟು ನಿಲ್ಲಿಸಬೇಕಾಯಿತು. ಹಾಗಾಗಿ ನಾನು ಒಂದೇ ಹೊತ್ತಿಗೆ ನಿಂತಿದ್ದೇನೆ.

ಅವಲಕ್ಕಿ ಬಿಟ್ಟಾಗ ಖಾಲಿಯಾದ ಜಾಗವನ್ನು ರಾಗಿ ಹಾಲು ತುಂಬಿದೆ. ರಾತ್ರಿ ಮೂರು ಚಮಚ ರಾಗಿ ತೊಳೆದು ನೆನೆಹಾಕಿ, ಜೊತೆಗೆ ನಾಲ್ಕು ಖರ್ಜೂರ. ಬೆಳಗ್ಗೆ ಕಾಯಿತುರಿ, ಒಂದು ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಚರಟವನ್ನು ಇನ್ನೊಮ್ಮೆ ನೀರು ಹಾಕಿ ರುಬ್ಬಿದರೆ ಮತ್ತೊಂದು ಲೋಟ ಬರುತ್ತದೆ. ಸ್ವಲ್ಪ ಹೊತ್ತು ಇಟ್ಟರೆ ಹಿಟ್ಟು ತಳ ಸೇರುತ್ತದೆ, ಕಲಕಿ ಕುಡಿಯಿರಿ.